ಮಹಾರಾಜರ ಪಥ್ಯ, ಹೊನ್ನಪ್ಪನ ಹೊಟ್ಟೆ

ಬಹಳ ಹಿಂದೆ, ಬೋಂಡಾಕ್ಕೆ ಇನ್ನೂ ಸುಂಕ ಬೀಳದಿದ್ದ ಕಾಲದಲ್ಲಿ, ರಸನಾಪುರವೆಂಬ ಒಂದು ರಾಜ್ಯವಿತ್ತು. ಅಲ್ಲಿ ಮಹಾರಾಜರು ಖುದ್ದಾಗಿ ಉಪವಾಸ ಮಾಡುವ ಪದ್ಧತಿ ಇರಲಿಲ್ಲ. ಅವರ ವ್ರತಗಳನ್ನೆಲ್ಲ ಹೊನ್ನಪ್ಪನೆಂಬ ಬಡಪಾಯಿ ಮಾಡುತ್ತಿದ್ದ. ಪುಣ್ಯ ಮಾತ್ರ ಅರಮನೆಗೆ ಜಮೆಯಾಗುತ್ತಿತ್ತು. ಅವನ ಅಪ್ಪನೂ ಹಿಂದಿನ ಮಹಾರಾಜರಿಗಾಗಿ ಹಸಿದವನೇ. ಹುದ್ದೆಯ ಹೆಸರು ‘ಪ್ರಭಾರ ಉಪವಾಸಿ’.

ಒಂದು ದಿನ ರಾಜವೈದ್ಯೆ ಭಾಗೀರಥಮ್ಮ ಮಹಾರಾಜ ರುಚಿವರ್ಮರ ಮುಂದೆ ಕೈಮುಗಿದು ನಿಂತರು.

“ಪ್ರಭೂ, ಹೆಂಡ ಬಿಡಬೇಕು. ಕರಿದದ್ದು, ಉಪ್ಪು ಹಾಕಿಟ್ಟ ಮಾಂಸ ಕಡಿಮೆಯಾಗಬೇಕು. ಸೊಪ್ಪು, ಕಾಳು, ಹಣ್ಣು, ರಾಗಿ ಹೆಚ್ಚಬೇಕು. ಕ್ಯಾನ್ಸರ್ ಬರೋದೇ ಇಲ್ಲ ಅಂತ ಹೇಳಲಾರೆ. ಬರುವ ಅಪಾಯ ತಗ್ಗುತ್ತೆ.”

“ಉತ್ತಮ ಯೋಜನೆ,” ಎಂದರು ರುಚಿವರ್ಮರು, ಬಟ್ಟಲು ಬರಿದು ಮಾಡುತ್ತ. “ಹೊನ್ನಪ್ಪನ ಮೇಲೆ ಇಂದೇ ಜಾರಿಗೊಳಿಸಿ.”

ಹೊನ್ನಪ್ಪ ಮುದ್ದೆ, ಸೊಪ್ಪಿನ ಸಾರು ಉಂಡ. ಸಂಜೆಯ ಹೆಂಡಕ್ಕೆ ಕೈಮುಗಿದ. ಮೊದಮೊದಲು ಎಲ್ಲರ ಮೇಲೂ ಸಿಡುಕಿದ. ಆಮೇಲೆ ಅರಮನೆಯ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿಲ್ಲವೆಂದು ಅವನಿಗೇ ಅಚ್ಚರಿಯಾಯಿತು. ಪ್ರಗತಿ ಪರಿಶೀಲನಾ ಸಭೆಯಲ್ಲಿ ಆರೋಗ್ಯ ಮಂತ್ರಿ ವಾಚಸ್ಪತಿರಾಯರು ಅವನ ಸೊಂಟಕ್ಕೆ ಟೇಪು ಹಿಡಿದು, “ಪ್ರಭುಗಳು ಅದೆಷ್ಟು ಕರಗಿಹೋಗಿದ್ದೀರಿ!” ಎಂದು ಗದ್ಗದಿತರಾದರು. ಸಿಂಹಾಸನದಲ್ಲಿ ಮೈ ಹಿಡಿಸದೆ ಇಕ್ಕಟ್ಟಾಗಿ ಕುಳಿತಿದ್ದ ಪ್ರಭುಗಳು ನಾಚಿಕೊಂಡರು.

ಪದ್ಧತಿಯಂತೆ ಮಹಾರಾಜರ ಪಕ್ಕದಲ್ಲೇ ಕುಳಿತು ಉಣ್ಣುವ ಹೊನ್ನಪ್ಪನಿಗೆ ಬೇರೆಯದೇ ಕಾಣುತ್ತಿತ್ತು. ಅವರು ತುತ್ತು ನುಂಗುವಾಗ ಮುಖ ಕಿವುಚುತ್ತಿದ್ದರು, ಕೈ ಕುತ್ತಿಗೆಗೆ ಹೋಗುತ್ತಿತ್ತು. ಚಿಕ್ಕಂದಿನಿಂದ ನೋಡಿದ ದೊರೆ. ಅವನಿಗೆ ತಡೆಯಲಾಗಲಿಲ್ಲ. ಒಂದು ದಿನ ಸಭೆಯಲ್ಲೇ ಬಾಯಿಬಿಟ್ಟ.

“ಬುದ್ಧೀ, ತಪ್ಪು ತಿಳ್ಕೋಬ್ಯಾಡಿ. ಗಂಟಲು ಒಂದ್ಸಲ ವೈದ್ಯರಮ್ಮಾವ್ರಿಗೆ ತೋರಿಸ್ಬಿಡಿ. ನಾನು ಸೊಪ್ಪು ತಿಂದ್ರೆ ನಿಮ್ಮ ಮೈಗೆ ಹೆಂಗೆ ಹತ್ತುತ್ತೆ?”

“ರಾಜದ್ರೋಹ!” ಎಂದು ವಾಚಸ್ಪತಿರಾಯರು ಚೀರಿದರು.

“ಅವನು ಹೇಳೋದು ಸರಿ,” ಎಂದರು ಭಾಗೀರಥಮ್ಮ. “ಬೇಗ ನೋಡಿದರೆ ಏನಾದರೂ ಮಾಡಬಹುದು, ಪ್ರಭೂ.”

“ಪರೀಕ್ಷೆಯಾಗಲಿ,” ಎಂದು ಮಹಾರಾಜರು ಔದಾರ್ಯ ತೋರಿದರು. ಭಾಗೀರಥಮ್ಮ ಸಿಂಹಾಸನದತ್ತ ಹೆಜ್ಜೆಯಿಟ್ಟಾಗ ಭಟರು ಅಡ್ಡ ನಿಂತರು. ನಿಯಮಾನುಸಾರ ಹೊನ್ನಪ್ಪನ ಬಾಯಿ ಅಗಲಿಸಿ, ದೀಪ ಹಿಡಿದು ನೋಡಲಾಯಿತು. ಗಂಟಲು ಶುಭ್ರವಾಗಿತ್ತು. ಪ್ರಭುಗಳು ಸಂಪೂರ್ಣ ಆರೋಗ್ಯವಂತರೆಂದು ಮಂತ್ರಿಗಳು ಪತ್ರಿಕಾ ಪ್ರಕಟಣೆ ಹೊರಡಿಸಿದರು.

ಆ ಸಂತೋಷಕ್ಕೆ ಭಾರೀ ಔತಣ ಏರ್ಪಟ್ಟು, ರುಚಿವರ್ಮರಿಗೆ ‘ಪಥ್ಯ ಚಕ್ರವರ್ತಿ’ ಎಂಬ ಬಿರುದಿನೊಡನೆ ಹೊಸ ಕಿರೀಟ ತೊಡಿಸಲಾಯಿತು. ಅವರು ಬೋಂಡಾ ಬಾಯಿಗಿಟ್ಟರು. ಅದು ಇಳಿಯಲಿಲ್ಲ. ಹೆಂಡವೂ ಇಳಿಯಲಿಲ್ಲ. ಎಲೆಯನ್ನು ದೂಡಿ, ಕಣ್ಣಲ್ಲಿ ನೀರು ತುಂಬಿಕೊಂಡು ಕುಳಿತುಬಿಟ್ಟರು.

“ನೋಡಿರಿ! ಪ್ರಭುಗಳು ಸ್ವತಃ ಪಥ್ಯ ಆರಂಭಿಸಿದ್ದಾರೆ!” ಎಂದು ವಾಚಸ್ಪತಿರಾಯರು ಕೂಗಿದರು. ಜಯಘೋಷ ಮುಗಿಲು ಮುಟ್ಟಿತು. ಹೊನ್ನಪ್ಪ ಬಿಕ್ಕಿಬಿಕ್ಕಿ ಅತ್ತ. ಅದು ಆನಂದಬಾಷ್ಪವೆಂದು ದಾಖಲಾಯಿತು.

ಔತಣದ ಖರ್ಚಿಗಾಗಿ ಮರುದಿನವೇ ಆರೋಗ್ಯ ಸೆಸ್ ಬಂತು. ಆರೋಗ್ಯದ ಲಾಭ ಪಡೆಯುವವರೇ ಅದನ್ನು ಭರಿಸುವುದು ನ್ಯಾಯವಾದ್ದರಿಂದ ಸೊಪ್ಪು, ಕಾಳು, ಹಣ್ಣುಗಳ ಮೇಲೆ ಹಾಕಲಾಯಿತು. ಸಂತೆಯಿಂದ ಬಂದ ಹೊನ್ನಪ್ಪನ ಹೆಂಡತಿ ಚಿಕ್ಕತಾಯಮ್ಮ ಅವನ ಮುಂದೆ ಎಣ್ಣೆ ಜಿನುಗುವ ಪೊಟ್ಟಣ ಬಿಚ್ಚಿಟ್ಟಳು.

“ಸೊಪ್ಪು ಮುಟ್ಟಂಗಿಲ್ಲ ಕಣ್ರೀ, ಅಷ್ಟು ರೇಟು. ಬೋಂಡಾನೇ ಅಗ್ಗ. ಮಕ್ಕಳಿಗೂ ಇದನ್ನೇ ಕೊಟ್ಟೆ, ತಿನ್ನಿ.”