ಗುಡ್ಡಪ್ಪನವರ ಪಾಠ ಮಂಜೂರಾದದ್ದು

ಗಡಿಕಲ್ಲು ಪಾಲನಾ ಇಲಾಖೆಯ ನೌಕರರು ನಿವೃತ್ತರಾಗುವ ಮುನ್ನ, ಸೇವಾವಧಿಯಲ್ಲಿ ತಾವು ಕಲಿತ ಒಂದು ಪಾಠವನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು. ಸಲ್ಲಿಸದವರನ್ನು ಪಾಠ ಕಲಿಯುವವರೆಗೆ ಪಗಾರವಿಲ್ಲದೆ ಸೇವೆಯಲ್ಲಿ ಮುಂದುವರಿಸಲಾಗುವುದು. ಈ ಸುತ್ತೋಲೆ ಮೂಡಲಗಿ ಕಚೇರಿಗೆ ತಲುಪಿದ್ದು ಗುಮಾಸ್ತ ಗುಡ್ಡಪ್ಪನವರು ನಿವೃತ್ತರಾಗುವ ದಿನ, ಬೆಳಿಗ್ಗೆ ಹನ್ನೊಂದಕ್ಕೆ.

ಮೂವತ್ತೈದು ವರ್ಷ ದುಡಿದವನಿಗೆ ಪಾಠಕ್ಕೇನು ಬರ ಎಂದುಕೊಂಡು ಗುಡ್ಡಪ್ಪನವರು ‘ತಾಳ್ಮೆ’ ಎಂದು ಬರೆದು ಕೊಟ್ಟರು. ಸಾಹೇಬರಾದ ಗುರುಪಾದ ಅವರು ಪಾಠಗಳ ವಹಿ ತೆಗೆದು ನೋಡಿದರು. ತಾಳ್ಮೆಯನ್ನು ಹುಕ್ಕೇರಿ ಕಚೇರಿಯವರು ಮೊದಲೇ ಕಲಿತುಬಿಟ್ಟಿದ್ದರು. ಸಮಯಪಾಲನೆ ಗೋಕಾಕದ ಜವಾನರೊಬ್ಬರ ಹೆಸರಿನಲ್ಲಿತ್ತು. ಪ್ರಾಮಾಣಿಕತೆಯನ್ನು ಅಮಾನತಿನಲ್ಲಿದ್ದ ಅಧಿಕಾರಿಯೊಬ್ಬರು ಕಾಯ್ದಿರಿಸಿದ್ದರು. ಒಬ್ಬರು ಕಲಿತ ಪಾಠವನ್ನು ಇನ್ನೊಬ್ಬರು ಕಲಿಯುವಂತಿಲ್ಲ ಎಂಬುದು ನಿಯಮ ನಾಲ್ಕು.

ನಾಲ್ಕು ಗಂಟೆಯಾಯಿತು. ಹಾರ, ಶಾಲು, ಚುರುಮುರಿ, ಪೇಢೆ ಎಲ್ಲ ಬಂದು ಕೂತಿದ್ದವು. ಗುಡ್ಡಪ್ಪನವರಿಗೆ ಈಗ ಸಂಕಟ ಶುರುವಾಯಿತು. ನಾಳೆಯಿಂದ ಮತ್ತೆ ಇದೇ ಕುರ್ಚಿ, ಅದೂ ಬಿಟ್ಟಿ. ತಲೆ ಕೆರೆದುಕೊಳ್ಳುತ್ತ ಕಿಟಕಿಯತ್ತ ನೋಡಿದರು.

ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಆರು ವರ್ಷದ ಹಿಂದೆ ಅವರೇ ಕೈಗೆ ಸಿಕ್ಕ ಕಾಗದವೊಂದನ್ನು ಬರಹ ಹೊರಗಾಗಿ ಆ ಗಾಜಿಗೆ ಮೆತ್ತಿದ್ದರು. ಈಗ ಬಿಸಿಲಿಗೆ ಅದರ ಅಕ್ಷರಗಳು ತಿರುವುಮುರುವಾಗಿ ಕಾಣುತ್ತಿದ್ದವು. ಕಷ್ಟಪಟ್ಟು ಓದಿದರು. ಕಲ್ಲೋಳಿಯ ಭರಮವ್ವನ ಅರ್ಜಿ. ಬಾಜೂ ಹೊಲದವನು ಗಡಿಕಲ್ಲು ಕಿತ್ತು ಒಗೆದಿದ್ದಾನೆ, ಮತ್ತೆ ನೆಡಿಸಿಕೊಡಿ ಎಂದು ಬರೆಸಿದ್ದಳು. ಆ ಅರ್ಜಿ ಸಿಗುತ್ತಿಲ್ಲವೆಂದು ಆರು ವರ್ಷ ಅವಳನ್ನು ತಿರುಗಿಸಿ ಕಳಿಸಿದವರು ಗುಡ್ಡಪ್ಪನವರೇ. ಓದು ಬಾರದ ಮುದುಕಿ ಅಷ್ಟೂ ವರ್ಷ ಅದೇ ಕಿಟಕಿಯ ಹೊರಗೆ, ತನ್ನ ಅರ್ಜಿಗೇ ತಲೆ ಆನಿಸಿ ನಿಲ್ಲುತ್ತಿದ್ದಳು. ಇವತ್ತೂ ನಿಂತಿದ್ದಳು. ಗುಡ್ಡಪ್ಪನವರಿಗೆ ನಿಜಕ್ಕೂ ನಾಚಿಕೆಯಾಯಿತು. ಇದ್ದದ್ದನ್ನು ಇದ್ದ ಹಾಗೆ ಬರೆದರು.

ಇಂಥ ಪಾಠ ವಹಿಯಲ್ಲಿ ಎಲ್ಲೂ ಇರಲಿಲ್ಲ. ಸಾಹೇಬರು ಸಂತೋಷದಿಂದ ಮಂಜೂರು ಮಾಡಿ ಬಿಡುಗಡೆ ಆದೇಶ ಕೊಟ್ಟರು. ಹಾಗಾದರೆ ಆ ಅರ್ಜಿಯನ್ನು ಬಿಡಿಸಿಕೊಳ್ಳಲೇ ಎಂದು ಗುಡ್ಡಪ್ಪನವರು ಕೇಳಿದರು.

“ಅದನ್ನ ಮುಟ್ಟಾಕ ಬರೂದಿಲ್ರಿ,” ಎಂದರು ಸಾಹೇಬರು. “ಈಗ ಅದು ನಿಮ್ಮ ಪಾಠದ ಆಧಾರ ಐತಿ. ನಿಯಮ ಏಳು. ಮತ್ತ ಪಾಠ ಕಲತವ್ರು ನೀವು, ಕಚೇರಿ ಅಲ್ಲ.”

ಭರಮವ್ವ ಬೇಕಾದರೆ ಹೊಸ ಅರ್ಜಿ ಕೊಡಬಹುದು ಎಂದೂ ಹೇಳಿದರು. ಸಮಾರಂಭದಲ್ಲಿ ಪಾಠವನ್ನು ಗಟ್ಟಿಯಾಗಿ ಓದಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಭರಮವ್ವನಿಗೂ ಒಂದು ಪೇಢೆ ಕೊಟ್ಟರು.

ಗುಡ್ಡಪ್ಪನವರು ಹೆಗಲ ಮೇಲಿನ ಶಾಲಿನ ಸಮೇತ ಹೊರಗೆ ಬಂದು, ತಪ್ಪು ತಮ್ಮದೆಂದು ಮುದುಕಿಗೆ ಕೈಮುಗಿದು, ಮೆಟ್ಟಿಲ ಮೇಲೆ ಕೂತು ಹೊಸ ಅರ್ಜಿಯನ್ನು ತಾವೇ ಬರೆದರು. ಹೆಬ್ಬೆಟ್ಟು ಒತ್ತಿಸಿದರು. ಒಳಗೆ ಕೊಡುವ ಮುನ್ನ ಒಮ್ಮೆ ಓದಿದರು. ಹುಬ್ಬು ಗಂಟಿಕ್ಕಿದರು.

“ಎಡಕ್ಕ ಅಂಚು ಬಿಟ್ಟಿಲ್ಲ ನೋಡವಾ. ಇಂಥಾದ್ದು ತಗೊಳ್ಳೂದಿಲ್ಲ. ಬ್ಯಾರೆ ಹಾಳಿ ತಗೊಂಡು ಸೋಮವಾರ ಬಾ.”

“ಹೂಂನ್ರಿ,” ಎಂದು ಭರಮವ್ವ ಸೆರಗು ಸರಿಮಾಡಿಕೊಂಡು ಕಲ್ಲೋಳಿ ಬಸ್ಸಿಗೆ ನಡೆದಳು. ಅದನ್ನು ಬರೆದವರು ತಾವೇ ಎಂಬುದು ಗುಡ್ಡಪ್ಪನವರಿಗೆ ಬಸ್ಸು ಹೊರಟ ಮೇಲೆ ಹೊಳೆಯಿತು. ಹೊಳೆದ ಮೇಲೂ, ಅಂಚು ಬಿಡಬೇಕಾದದ್ದು ಖರೆ ಎಂದೇ ಅನ್ನಿಸಿತು.