ನ್ಯೂಟ್ರಲ್‌ನಲ್ಲಿ ಘಟ್ಟ ಇಳಿದದ್ದು

ಇಳಿಜಾರೆಂಬುದು ನಮ್ಮ ಇಂಡಿ ಸೀಮೆಯವರಿಗೆ ಹೇಳಿದ್ದಲ್ಲ. ಹೊರ್ತಿಯಲ್ಲಿ ನಿಂತರೆ ಮುಂದಿನ ಊರಿನ ಬೇವಿನ ಮರ ಕಾಣುವಂಥ ಬಯಲಲ್ಲಿ ಹುಟ್ಟಿದವನು ನಾನು. ಕಾಲುವೆಯ ಏರಿಯೇ ನನ್ನ ಪಾಲಿನ ಪರ್ವತ. ಅಂಥವನು ನಿವೃತ್ತನಾದ ಮೇಲೆ, ಒಳಗೆ ಮಂಚ, ಒಲೆ, ನೀರಿನ ಟಾಕಿ ಎಲ್ಲ ಇರುವ, ನಾಲ್ಕೂ ಗಾಲಿ ಎಳೆಯುವ ಭಾರೀ ಕ್ಯಾಂಪರ್ ಗಾಡಿ ಕೊಂಡೆ. ಹೆಂಡತಿ ಗೌರವ್ವನಿಗೆ ಸಮುದ್ರ ತೋರಿಸಬೇಕೆಂಬ ಆಸೆ. ಆಕೆಯದು ಒಂದೇ ಷರತ್ತು: ಘಟ್ಟದಲ್ಲಿ ತನ್ನ ಜೀವ ಹೆದರಿತೆಂದರೆ ಗಾಡಿ ಸಿಂದಗಿಯ ತನ್ನ ತಮ್ಮನಿಗೆ. ಅವನೋ ಅದರಲ್ಲಿ ಮಿರ್ಚಿ ಭಜಿ ಅಂಗಡಿ ಇಡಲು ತುದಿಗಾಲಲ್ಲಿ ನಿಂತಿದ್ದ.

ನಮ್ಮ ಮನೆತನದಲ್ಲೊಂದು ವಿದ್ಯೆಯಿದೆ. ರಸ್ತೆ ತುಸು ತಗ್ಗಾಯಿತೋ, ಗೇರು ತೆಗೆದು ನ್ಯೂಟ್ರಲ್ ಮಾಡಿ ಪುಕ್ಕಟೆ ಹೋಗುವುದು. ನಮ್ಮಪ್ಪ ಹೊಳೆ ದಂಡೆಗೆ ಟ್ರ್ಯಾಕ್ಟರನ್ನು ಹಾಗೇ ಇಳಿಸುತ್ತಿದ್ದ. ಡೀಸೆಲ್ ಉಳಿಸಿದ ಅವನ ಮುಖದಲ್ಲಿ ಎಂಥ ಕಳೆ! ಗಾಡಿ ಮಾರಿದವನು, ಇಳಿಯುವಾಗ ಲೋ ಗೇರಿಗೆ ಹಾಕಿ, ಬ್ರೇಕಿಗಿಂತ ಇಂಜಿನ್ನಿನ ಹಿಡಿತವನ್ನು ನಂಬಿರಿ ಎಂದು ಮತ್ತೆ ಮತ್ತೆ ಹೇಳಿದ್ದ. ಹೂಂ ಅಂದಿದ್ದೆ. ಆದರೆ ಘಟ್ಟದ ಮೊದಲ ತಿರುವಿನಲ್ಲಿ ಗೇರಿನ ಮೇಲಿದ್ದ ಕೈ ನನ್ನದಲ್ಲ, ಅಪ್ಪನದು. ನ್ಯೂಟ್ರಲ್ ಮಾಡಿಯೇಬಿಟ್ಟೆ.

ಟಾಕಿ ತುಂಬ ನೀರು, ಆಕೆ ಹೇರಿದ್ದ ಖಟಕ್ ರೊಟ್ಟಿಯ ಬುಟ್ಟಿ, ಎಲ್ಲ ಸೇರಿ ನನ್ನನ್ನು ಹಿಂದಿನಿಂದ ದಬ್ಬತೊಡಗಿದವು. ಬ್ರೇಕ್ ತುಳಿದೇ ತುಳಿದೆ. ಗೌರವ್ವ ಮೂಗರಳಿಸಿ, "ಏನ್ರೀ, ಏನೋ ಸೀದ ವಾಸನಿ ಬರಾಕತ್ತೈತಿ" ಅಂದಳು. ಒಲೆಯದಿರಬೇಕು ಅಂದೆ. ಒಲೆ ಹಚ್ಚಿಯೇ ಇರಲಿಲ್ಲ. ಅಷ್ಟರಲ್ಲಿ ಬ್ರೇಕ್ ಮೆತ್ತಗಾಗಿ, ಎಷ್ಟು ತುಳಿದರೂ ಹಿಡಿಯದಾಯಿತು. ಹೇಗೋ ಗೇರು ತುರುಕಿ, ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ಆನಿಸಿ ನಿಲ್ಲಿಸಿದೆ. ಗಾಲಿಗಳಿಂದ ಹೊಗೆ ಏಳುತ್ತಿತ್ತು. ಆಕೆ ಇಳಿದು, ಗಾಲಿಗೊಂದು ಕಲ್ಲು ಒಡ್ಡಿ, ರೊಟ್ಟಿ ಬುಟ್ಟಿ ತಲೆಮೇಲಿಟ್ಟುಕೊಂಡು ನಡೆದೇಬಿಟ್ಟಳು. ಬ್ರೇಕ್ ಆರಿದ ಮೇಲೆ ನಾನು ಲೋ ಗೇರಿನಲ್ಲಿ ತೆವಳುತ್ತ ಇಳಿದೆ. ಕೆಳಗಿನ ಹೋಟೆಲು ಮುಟ್ಟಿದಾಗ ಆಕೆಯ ಚಹಾ ಮುಗಿದಿತ್ತು.

"ಸಿಂದಗಿಗೊಂದು ಫೋನ್ ಹಚ್ಚರಿ" ಅಂದಳು.

ಸಮುದ್ರವನ್ನೇನೋ ನೋಡಿದೆವು. ನನಗೆ ಮಾತ್ರ ಅಷ್ಟೂ ನೀರು ಭಜಿಯ ಎಣ್ಣೆಯಾಗಿಯೇ ಕಂಡಿತು.

ಈಗ ಗಾಡಿ ಸಿಂದಗಿಯ ಸಪಾಟು ಬಯಲಲ್ಲಿ ನಿಂತಿದೆ. ಮಲಗಬೇಕಿದ್ದ ಮಂಚದ ಮೇಲೆ ಮೆಣಸಿನಕಾಯಿ ರಾಶಿ. ನೋಡಿದರೆ ಹೊಟ್ಟೆ ಉರಿಯುತ್ತದೆ. ಹೋದಾಗಲೆಲ್ಲ ಡ್ರೈವರ್ ಸೀಟಿನಲ್ಲಿ ಕೂತೇ ಭಜಿ ತಿನ್ನುತ್ತೇನೆ, ಕಾಲು ಬ್ರೇಕಿನ ಮೇಲೆ. ಮೊನ್ನೆ ಗೌರವ್ವ ಅದನ್ನು ನೋಡಿ, "ಕಾಲು ತಗೀರಿ, ಇಲ್ಲೆಲ್ಲಿ ಘಟ್ಟ ಐತಿ?" ಅಂದಳು. ಎಷ್ಟೋ ದಿನಗಳ ಮೇಲೆ ಕೇಳಿದ ಮೆತ್ತನೆಯ ಮಾತು. ಕಣ್ಣು ತುಂಬಿ ಬಂತು. ಕಾಲು ತೆಗೆದೆ.

ಆಕೆ ಕೆಳಗಿಳಿದು ಹೋಗಿ, ಗಾಲಿಗೊಂದು ಕಲ್ಲು ಒಡ್ಡಿ ಬಂದಳು.