ಪರದೆ ಬಟ್ಟೆಯ ಕುಪ್ಪಸ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಕಿಟಕಿಯ ಕಡೆಗೆ. ಪರದೆ ನೋಡುತ್ತೇನೆ, ತಲೆ ಬಗ್ಗಿಸಿ ನನ್ನ ಕುಪ್ಪಸ ನೋಡಿಕೊಳ್ಳುತ್ತೇನೆ, ಎರಡೂ ಬೇರೆ ಬೇರೆ ಎಂದು ಖಾತ್ರಿಯಾದ ಮೇಲೆಯೇ ಕೂಡುತ್ತೇನೆ. ಮೊನ್ನೆ ನೀವು ಮೊಮ್ಮಕ್ಕಳೆಲ್ಲ ಸೇರಿ, "ಅಜ್ಜಿ, ಪರದೇ ಮೇ ಕ್ಯಾ ದೇಖತೀ ಹೋ?" ಎಂದು ನಿಮ್ಮ ಹಿಂದಿಯಲ್ಲಿ ನಕ್ಕಿರಿ, ಪರದೆಯಲ್ಲೇನು ನೋಡುತ್ತೀ ಅಂತ. ನಾನು ಬಾಯಿಬಿಡಲಿಲ್ಲ. ಹಳ್ಳಿಯ ಶಾಲೆಯಲ್ಲಿ ಮಾಸ್ತರರು ಹೆಸರು ಕೂಗಿದರೆ 'ಹಾಜರ್' ಎನ್ನಲೂ ನಾಚಿ, ಮುಂದಿನ ಸಾಲಿನಲ್ಲಿ ಕೂತೂ ಗೈರುಹಾಜರಿ ಹಾಕಿಸಿಕೊಂಡವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಓದಲು ತೊಡಕಾದರೆ ನಿಮ್ಮಪ್ಪನ ಕಡೆಯಿಂದ ಓದಿಸಿಕೊಳ್ಳಿ, ನಿಮಗೆ ಕನ್ನಡ ಕಲಿಸದ ಅವನಿಗೂ ಸ್ವಲ್ಪ ನಾಚಿಕೆಯಾಗಲಿ.

ನಮ್ಮ ಮಾವನವರು ಗದಗಿನ ಕಡೆಯಿಂದ ಒಂದು ಕೈಮಷೀನು ಹೊತ್ತುಕೊಂಡು ಬಂದು ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರ, ಸಾಲುಕೋಣೆಗಳ ಒಂದು ಚಾಳಿನಲ್ಲಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಹಾಕಿ ಹಿಂದಿನದರಲ್ಲಿ ಮನೆ ಮಾಡಿದವರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಕಾಲುಮಷೀನು ಬಂದಿತ್ತು, ಪಕ್ಕದ ಇನ್ನೊಂದರ ಮೇಲೆ ನಿಮ್ಮ ಅಜ್ಜ ಕೂತಿದ್ದರು. ಆದರೆ ಜನರಿಗೆ ರೆಡಿಮೇಡ್ ಶರ್ಟಿನ ರುಚಿ ಹತ್ತಿತ್ತು. ಹೊಸದು ಹೊಲಿಸುವವರು ಕಡಿಮೆಯಾಗಿ, ಹಳೆಯದರ ಕಾಲರ್ ತಿರುವಿ ಹಾಕಿಸುವವರು ಹೆಚ್ಚಾದರು. ಆಗ ಮಾವನವರು, "ಮನಷ್ಯಾರಿಗೆ ರೆಡಿಮೇಡ್ ಬಂದೈತಿ, ಕಿಟಕಿಗೆ ಇನ್ನೂ ಬಂದಿಲ್ಲ" ಎಂದು, ಕೂಡಿಟ್ಟದ್ದನ್ನೆಲ್ಲ ಸುರಿದು ಪರದೆ ಬಟ್ಟೆಯ ಥಾನುಗಳನ್ನು, ಎಂದರೆ ಇಡೀ ಸುರುಳಿಗಳನ್ನೇ, ತಂದು ಪೇರಿಸಿದರು. ಅವು ಬಂದ ನೆಂಟರ ಹಾಗೆ ಏಳುವ ಮಾತೇ ಆಡದೆ ಕೂತವು. ಪರದೆ ನಡೆಯದಿದ್ದರೆ ಅಂಗಡಿಗೆ ಬೀಗ, ನಮಗೆ ವಾಪಸು ಊರು.

ಮನೆಯಲ್ಲೊಂದು ಪದ್ಧತಿಯಿತ್ತು. ಗಿರಾಕಿ ತಂದ ಬಟ್ಟೆಯಲ್ಲಿ ಬೆರಳಗಲದ ಚಿಂದಿ ಉಳಿದರೂ ಗಂಟು ಕಟ್ಟಿ ಅವರಿಗೇ ವಾಪಸು. ನಮ್ಮದೇ ಥಾನಿನ ಕೊನೆಯಲ್ಲಿ ಉಳಿದ ತುಂಡು ಮಾತ್ರ ಮನೆಯವರ ಪಾಲು. ಹಾಗಾಗಿ ಅಂಗಡಿ ಏನು ಮಾರುತ್ತಿತ್ತೋ ನಾವು ಅದನ್ನು ಉಡುತ್ತಿದ್ದೆವು. ಒಂದು ಸಂಕ್ರಾಂತಿಗೆ ಹಾಗೆ ಉಳಿದದ್ದು ಅಂಗೈಯಷ್ಟು ಅಗಲದ ಹಸಿರು ಎಲೆಗಳ ನಡುವೆ ಕಿತ್ತಳೆ ಬಣ್ಣದ ಹೂವಿದ್ದ ಬಟ್ಟೆ. ಮಾವನವರ ಚಡ್ಡಿ, ಅತ್ತೆಯವರ ಸಂತೆಚೀಲ, ನಿಮ್ಮ ಅಜ್ಜನ ಪಾಯಿಜಾಮ, ದಿಂಬಿನ ಚೀಲ, ನನ್ನ ಕುಪ್ಪಸ, ಎಲ್ಲ ಅದರದ್ದೇ. ಚಾಳಿನ ತಂತಿಯ ಮೇಲೆ ಒಣಹಾಕಿದರೆ ತೋಟವೇ ತೂಗುಬಿದ್ದ ಹಾಗಿತ್ತು. ನನ್ನ ಎಡ ತೋಳಿನ ಮೇಲೆ ಇಡೀ ಹೂವು ಬಂದಿತ್ತು. ಬಲ ತೋಳಿಗೆ ಬರೀ ದಂಟು.

ಆ ಸಂಕ್ರಾಂತಿಯಲ್ಲೇ ವಿಲೆ ಪಾರ್ಲೆಯ ಸರೋಜಮ್ಮನವರು ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆದರು. ಮೈಸೂರಿನ ಕಡೆಯವರು, ಯಜಮಾನರು ಬ್ಯಾಂಕಿನ ಆಫೀಸರು. ಕನ್ನಡದವರೆಂದು ಅಷ್ಟು ದೂರದಿಂದ ಹುಡುಕಿಕೊಂಡು ಬಂದು, ಹೊಸ ಫ್ಲ್ಯಾಟಿಗೆಲ್ಲ ನಮ್ಮಲ್ಲೇ ಪರದೆ ಹೊಲಿಸಿದ್ದರು. ಮಾವನವರು ನನ್ನನ್ನು ಕರೆದು ಹೇಳಿದರು: "ಬಿಲ್ಡಿಂಗಿನ ಹೆಣ್ಮಕ್ಕಳೆಲ್ಲಾ ಬರ್ತಾರವಾ. ಯಾರರ ಪರದೆ ಕೇಳಿದ್ರ ಬಾಯಿ ಬಿಟ್ಟು ಅಂಗಡಿ ಹೆಸರು ಹೇಳು. ಹೊಸಾ ಝಂಪರ ಹಾಕ್ಕೊಂಡು ಹೋಗು." ಝಂಪರವೆಂದರೆ ಈ ಹೂವಿನ ಕುಪ್ಪಸವೇ. ಯಾವ ಥಾನು ಯಾರ ಮನೆಗೆ ಹೋಯಿತೆಂದು ನನಗೆ ಗೊತ್ತಿರಲಿಲ್ಲ. ಅವರಿಗೆ ನೆನಪಾಗಲಿಲ್ಲ. ದಾದರಿನಲ್ಲಿ ಗಾಡಿ ಬದಲಿಸಿ, ನಿಮ್ಮ ಅಜ್ಜ ನನ್ನನ್ನು ಬಿಲ್ಡಿಂಗಿನ ಕೆಳಗೆ ಬಿಟ್ಟು ಚಹಾ ಕುಡಿಯಲು ಹೋದರು.

ಬಾಗಿಲು ತೆರೆಯಿತು. ಎದುರಿನ ಕಿಟಕಿಯಲ್ಲಿ ನನ್ನ ಕುಪ್ಪಸ ನೆಲದವರೆಗೆ ಇಳಿಬಿದ್ದಿತ್ತು.

ಸೆರಗನ್ನು ಎರಡೂ ಭುಜಕ್ಕೆ ಎಳೆದು, ಗದ್ದದ ಕೆಳಗೆ ಬಿಗಿಹಿಡಿದು ಕೂತೆ. "ಯಾಕ್ರೀ ಹಿಂಗೆ ಹೊದ್ದುಕೊಂಡಿದೀರಾ, ಜ್ವರಾನಾ?" ಎಂದರು ಸರೋಜಮ್ಮ. ನಾನು ತಲೆ ಅಲ್ಲಾಡಿಸಿದ್ದು ಹೌದೆಂದೋ ಅಲ್ಲವೆಂದೋ ನನಗೇ ತಿಳಿಯದು. ಯಾರೋ ಮರಾಠಿಯಲ್ಲಿ ಪರದೆಯನ್ನು ಹೊಗಳಿದರು. ಸರೋಜಮ್ಮ ಹಿಗ್ಗಿ, ತಮ್ಮ ಮುರುಕು ಹಿಂದಿಯಲ್ಲಿ ಈ ಛಾಪಿನ ಬಟ್ಟೆ ಬೊಂಬಾಯಿಯಲ್ಲೇ ಬೇರೆ ಮನೆಯಲ್ಲಿಲ್ಲ ಎಂದು ಸಾರಿ, ನನ್ನ ಕಡೆ ತಿರುಗಿದರು. "ನಿಮ್ಮ ಮಾವನೋರೇ ಹೇಳಿದ್ದು ಅಲ್ವೇನ್ರೀ? ನೀವೇ ಹೇಳಿ ಇವ್ರಿಗೆ." ಹಾಗೆನ್ನುತ್ತಲೇ ಅತ್ತರು ಹಚ್ಚಲು ನನ್ನ ಬಲಗೈ ಹಿಡಿದೆಳೆದರು. ಸೆರಗು ಹಿಡಿದಿದ್ದ ಕೈ ಅದೇ.

ಎಡ ತೋಳಿನ ಹೂವು ಪೂರ್ತಿ ಅರಳಿತು. ಎಲ್ಲರೂ ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು. ಬಾಯಿ ಬಿಟ್ಟು ಹೇಳೆಂದು ಮಾವನವರು ಕಳಿಸಿದ್ದು ನೆನಪಾಗಿ, ಬಿಟ್ಟೆ. "ಹೌದ್ರಿ, ಬ್ಯಾರೆ ಮನ್ಯಾಗ ಇಲ್ರಿ. ನಮ್ಮ ಮನ್ಯಾಗ ಅಷ್ಟ ಐತ್ರಿ."

ಕನ್ನಡದವರು ನಕ್ಕರು. ಬೆಳಗಾವಿ ಕಡೆಯ ಒಬ್ಬಾಕೆ ಅದನ್ನು ಮರಾಠಿಗೆ ತಿರುಗಿಸಿದ ಮೇಲೆ ಉಳಿದವರೂ ನಕ್ಕರು. ಸರೋಜಮ್ಮ ಮಾತ್ರ ನಗಲಿಲ್ಲ. ನನ್ನ ಕೈಗೆ ಎಳ್ಳುಂಡೆ ಹಾಕುವಾಗ ಮುಖ ನೋಡಲಿಲ್ಲ.

ಮನೆಗೆ ಬಂದೊಡನೆ ಮಾವನವರು ಕತ್ತರಿ ಕೆಳಗಿಟ್ಟರು. "ಯಾರರ ಕೇಳಿದ್ರೇನವಾ?"

"ಕೇಳಿದ್ರು ಮಾವಾ."

"ಏನ್ ಹೇಳಿದಿ?"

"ಇದ್ದದ್ದು ಇದ್ದಂಗ ಹೇಳಿದ್ನಿರಿ."

"ಶಾಬಾಸ್!" ಎಂದು ನಿಮ್ಮ ಅಜ್ಜನ ಕಡೆ ತಿರುಗಿದರು. "ನೋಡೋ, ಸೊಸಿ ಅಂದ್ರ ಹಿಂಗಿರಬೇಕು."

ಎರಡು ದಿನದಲ್ಲಿ ಸರೋಜಮ್ಮ ಪರದೆಗಳ ಗಂಟು ತಂದು ಕತ್ತರಿಸುವ ಮೇಜಿನ ಮೇಲೆ ಹಾಕಿದರು. ಮಾವನವರು ತಮ್ಮ ಧೋತರದಂಚಿನಲ್ಲಿ ಇಣುಕುತ್ತಿದ್ದ ಚಡ್ಡಿಯನ್ನು ಒಳಗೆ ಸೇರಿಸುತ್ತ, "ತಾಯಿ, ನಾವು ಮನಿಮಂದಿ ಉಟ್ಟಿದ್ದು ಲೆಕ್ಕಕ್ಕ ಬರ್ತೈತಂತ ನನಗ ಹೊಳಿಲೇ ಇಲ್ರಿ" ಎಂದರು. ಅಷ್ಟು ಸಣ್ಣಗಾದ ಅವರ ದನಿಯನ್ನು ನಾನು ಮತ್ತೆ ಕೇಳಿಲ್ಲ. ಹೊಸ ಪರದೆಗಳನ್ನು ಪುಕ್ಕಟೆ ಹೊಲಿದುಕೊಟ್ಟರು. ನಾನು ಒಳಗೆ ಡಬ್ಬಿ ತೊಳೆಯುತ್ತ, ಊರಿಗೆ ಹೊರಡುವ ಗಂಟಿನಲ್ಲಿ ಏನೇನು ಕಟ್ಟಬೇಕೆಂದು ಯೋಚಿಸಿದೆ.

ಊರಿಗೆ ಹೋಗಲಿಲ್ಲ. ಬೆಳಗಾವಿಯಾಕೆ ಮೊದಲು ಬಂದಳು, ಅವಳ ಹಿಂದೆ ಆ ಬಿಲ್ಡಿಂಗಿನವರು ಒಬ್ಬೊಬ್ಬರಾಗಿ ಬಂದರು. ಎಲ್ಲರದ್ದೂ ಒಂದೇ ಕರಾರು. "ಥಾನಿನ ಕೊನೀ ತುಂಡೂ ನಮಗ ಕೊಡಬೇಕ್ರಿ. ನಿಮ್ಮ ಸೊಸಿಗೆ ಕೊಡೂಹಂಗಿಲ್ಲ." ಹೀಗೆ ಥಾನುಗಳು ತುದಿಯವರೆಗೂ ಮಾರಿಹೋದವು, ಅಂಗಡಿ ತನ್ನ ಕಾಲ ಮೇಲೆ ನಿಂತಿತು. ನಮಗೆ ಮಾತ್ರ ಹಬ್ಬಕ್ಕೆ ಹೊಸ ಬಟ್ಟೆ ನಿಂತುಹೋಯಿತು. ಅಂಗಡಿ ಉಳಿಸಿದ ಸೊಸೆ ಎಂದು ಮಾವನವರು ಕೊನೆಯವರೆಗೂ ಬಂದವರೆದುರು ಹೇಳುತ್ತಿದ್ದರು. ಪ್ರತಿ ಸಲವೂ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ವಾಪಸು ಬಂದ ಪರದೆಗಳು ಏನಾದವು ಎನ್ನುತ್ತೀರಾ? ಅತ್ತೆಯವರು ಅವನ್ನು ಕತ್ತರಿಸಿ, ನಾಲ್ಕು ಹಳೆ ಸೀರೆ ಒಳಗೆ ಹಾಕಿ ಕೌದಿ ಹೊಲಿದರು. ಚಳಿ ಇಲ್ಲದ ಈ ಊರಿನಲ್ಲಿ ಫ್ಯಾನು ಜೋರಾಗಿ ಹಾಕಿಕೊಂಡು, ನನಗೆ ನನಗೆ ಎಂದು ನೀವು ಕಚ್ಚಾಡುತ್ತೀರಲ್ಲ, ಅದೇ. ಹೊದ್ದುಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ನಾನು ಅದರ ಮೇಲೆ ಅಡ್ಡಾಗಿರುವಾಗ ಯಾರಾದರೂ ಬೆಲ್ ಬಾರಿಸಿದರೆ, ಈಗಲೂ ನೀವು ಬಾಗಿಲು ತೆರೆಯುವ ಮೊದಲು ಸೆರಗು ಎಳೆಯುತ್ತೇನೆ, ಮೈಗಲ್ಲ, ಕೌದಿಗೆ.